ಮಾತು ಕೇಳಿಸುತ್ತದೆ, ಬೀಗ ತೆರೆಯುವುದಿಲ್ಲ

ದಾವಣಗೆರೆಯಲ್ಲಿ ನಮ್ಮ ಬಂಧುಗಳ ಮನೆಯ ಎರಡನೆಯ ಮಹಡಿಯಲ್ಲಿ ಇಂಟರ್‌ಕಾಮ್ ರಿಸೀವರ್ ಎತ್ತಿದರೆ ಗೇಟಿನ ಬಳಿ ನಿಂತ ಹಾಲಿನವನ ಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದರೆ ಬೀಗ ತೆರೆಯುವ ಗುಂಡಿ ಒತ್ತಿದರೆ ಗೇಟಿನ ವಿದ್ಯುತ್ ಬೀಗ ‘ಟಕ್’ ಎಂದು, ತೆರೆಯದೆ ಸುಮ್ಮನಾಗುತ್ತಿತ್ತು. ಹೊಸ ಬೀಗ ತಂದು ಹಾಕಿದ ಮೇಲೂ ಅದೇ ಕಥೆ. ಆ ಬೀಗವನ್ನೇ ಮಹಡಿಗೆ ಒಯ್ದು ಅಡಾಪ್ಟರಿಗೆ ನೇರವಾಗಿ ಜೋಡಿಸಿದಾಗ ಸರಾಗವಾಗಿ ತೆರೆಯಿತು. ದೋಷವಿದ್ದದ್ದು ನಡುವಿನ ತಂತಿಯಲ್ಲಿ.

ಧ್ವನಿಯನ್ನು ಒಯ್ಯಲು ಕೆಲವೇ ಮಿಲಿಆಂಪಿಯರ್ ವಿದ್ಯುತ್ ಸಾಕು, ಬೀಗದ ಸುರುಳಿಗಾದರೋ ಸುಮಾರು 1 ಆಂಪಿಯರ್ ಬೇಕು. 0.5 ಮಿ.ಮೀ. ವ್ಯಾಸದ ತಾಮ್ರದ ತಂತಿಯನ್ನು 25 ಮೀಟರ್ ದೂರಕ್ಕೆ ಎಳೆದರೆ, ವಿದ್ಯುತ್ತು ಹೋಗಿ ಮರಳುವ ದಾರಿ 50 ಮೀಟರ್ ಆಗುವುದರಿಂದ, ತಂತಿಯ ರೋಧವೇ (ವಿದ್ಯುತ್ತಿಗೆ ಅದು ಒಡ್ಡುವ ತಡೆ) 4.4 ಓಮ್ ಆಗುತ್ತದೆ; 12 ವೋಲ್ಟ್ ಕಳುಹಿಸಿದರೂ ಬೀಗಕ್ಕೆ ತಲುಪುವುದು 9 ವೋಲ್ಟ್‌ಗಿಂತ ಕಡಿಮೆ. ವೋಲ್ಟ್ ಇಳಿದಂತೆ ಸುರುಳಿಯ ಪ್ರವಾಹವೂ ಇಳಿಯುತ್ತದೆ; ಬೀಗ ತೆರೆಯುವ ಸುರುಳಿಯ ಕಾಂತದ ಸೆಳೆತ ಪ್ರವಾಹದ ವರ್ಗವನ್ನು (ಸ್ಕ್ವೇರ್) ಅನುಸರಿಸುವುದರಿಂದ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದೇ ದೂರಕ್ಕೆ 1 ಚದರ ಮಿ.ಮೀ. ಅಡ್ಡಕೊಯ್ತದ ದಪ್ಪ ತಾಮ್ರದ ತಂತಿ ಹಾಕಿದರೆ 11 ವೋಲ್ಟ್‌ಗೂ ಹೆಚ್ಚು ಉಳಿಯುತ್ತದೆ.

ಆ ಮನೆಯಲ್ಲಿದ್ದದ್ದು ಶುದ್ಧ ತಾಮ್ರವೂ ಅಲ್ಲ. ತಂತಿಯ ತುದಿಯನ್ನು ಚಾಕುವಿನಿಂದ ಹೆರೆದಾಗ ಕೆಂಪು ಲೇಪ ಎದ್ದು, ಒಳಗಿನ ಬಿಳಿ ಲೋಹ ಕಾಣಿಸಿತು: ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಇದರ ರೋಧ ಶುದ್ಧ ತಾಮ್ರದ ಸುಮಾರು ಒಂದೂವರೆ ಪಟ್ಟು. ಪಕ್ಕದ ಚಿತ್ರದುರ್ಗದ ಇಂಗಳದಾಳದಲ್ಲಿ ತಾಮ್ರದ ಗಣಿಯೇ ಇದ್ದ ಸೀಮೆಯವರು ನಾವು, ಕೊಳ್ಳುವಾಗ ಒಮ್ಮೆ ಹೆರೆದು ನೋಡುವುದಕ್ಕೆ ಸಂಕೋಚವೇಕೆ?

ಮಾತಿನ ತಂತಿಯ ಚಿಂತೆ ಬೇರೆ. ಅದು 230 ವೋಲ್ಟ್ ತಂತಿಯ ಪಕ್ಕದಲ್ಲೇ ಸಾಗಿದರೆ 50 ಹರ್ಟ್ಸ್‌ನ ಗುಂಯ್‌ಗುಡುವಿಕೆ ಸೇರಿಕೊಳ್ಳುತ್ತದೆ. ಎರಡೂ ಎಳೆಗಳನ್ನು ಹಗ್ಗದಂತೆ ಹೊಸೆದಾಗ ಪ್ರತಿ ತಿರುವಿನಲ್ಲೂ ಅವು ಸ್ಥಾನ ಬದಲಿಸುವುದರಿಂದ ಹೊರಗಿನ ಪ್ರಭಾವ ಎರಡರ ಮೇಲೂ ಸಮನಾಗಿ ಬಿದ್ದು ಪರಸ್ಪರ ರದ್ದಾಗುತ್ತದೆ. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದ ಉಪಾಯವಿದು. ಆದರೂ ಮನೆಯ ವಿದ್ಯುತ್ ತಂತಿ ಇರುವ ಪೈಪಿನಲ್ಲಿ ಇಂಟರ್‌ಕಾಮ್ ತಂತಿಯನ್ನು ತೂರಿಸಲೇಬಾರದು, ಏಕೆಂದರೆ ಹೊದಿಕೆ ಕಿತ್ತುಹೋದರೆ ರಿಸೀವರಿಗೇ 230 ವೋಲ್ಟ್ ಹರಿದೀತು. ಗೇಟಿನವರೆಗಿನ ಪೈಪು ಎರೆಮಣ್ಣಿನಲ್ಲಿದ್ದರೆ ನೆಲದೊಳಗೆ ಜಾಯಿಂಟ್ ಇಡದಿರುವುದು ಲೇಸು; ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವ ಆ ಮಣ್ಣು ಪೈಪನ್ನು ಜಗ್ಗುತ್ತಲೇ ಇರುತ್ತದೆ.

ಬಂಧುಗಳು ಕೊನೆಗೆ ಹಳೆಯ ತಂತಿಯನ್ನು ಮಾತಿಗಷ್ಟೇ ಉಳಿಸಿಕೊಂಡು, ಬೀಗಕ್ಕೆ 1 ಚದರ ಮಿ.ಮೀ.ನ ಅಪ್ಪಟ ತಾಮ್ರದ ಜೋಡಿಯನ್ನು ಬೇರೆಯಾಗಿ ಎಳೆಸಿದರು. ಬಿಚ್ಚಿಟ್ಟಿದ್ದ ಮೊದಲಿನ ಬೀಗವನ್ನೇ ಮತ್ತೆ ಕೂರಿಸಿದ್ದಾರೆ. ಗುಂಡಿ ಒತ್ತಿದೊಡನೆ ತೆರೆಯುತ್ತದೆ.