ನಾಯ್ಸ್ ಕ್ಯಾನ್ಸಲಿಂಗ್ ಹಾಕಿಕೊಂಡರೂ ಆಚೆಯವರಿಗೆ ಮಳೆ ಯಾಕೆ ಕೇಳಿಸುತ್ತದೆ?

ಪ್ರಶ್ನೆ: ನಮ್ಮ ಮನೆ ಬ್ರಹ್ಮಾವರದ ಹತ್ತಿರ. ಮನೆಯಿಂದಲೇ ಕೆಲಸ. ತಾರಸಿಗೆ ತಗಡಿನ ಶೀಟ್ ಹಾಕಿಸಿದ್ದೇವೆ. ಜೂನ್ ಬಂತು ಅಂದರೆ ಮೀಟಿಂಗಿನಲ್ಲಿ ನನ್ನ ಮಾತು ಯಾರಿಗೂ ಸರಿಯಾಗಿ ಕೇಳುವುದಿಲ್ಲ. ‘ನಾಯ್ಸ್ ಕ್ಯಾನ್ಸಲಿಂಗ್’ ಅಂತ ಬರೆದಿದ್ದ ಬ್ಲೂಟೂತ್ ಹೆಡ್‌ಫೋನ್‌ಗೆ 12 ಸಾವಿರ ಕೊಟ್ಟೆ. ನನಗೆ ಮಳೆ ಸದ್ದು ಕಡಿಮೆಯಾಯಿತು, ಅವರಿಗೆ ಆಗಲಿಲ್ಲ. ಸಾಲದ್ದಕ್ಕೆ ಎರಡು ಗಂಟೆಗೆ ಕಿವಿ ಬೆವರಿ ನೋಯುತ್ತದೆ. ಕಂಪ್ಯೂಟರಿಗೆ ಯಾವ ಹೆಡ್‌ಸೆಟ್ ತಗೊಳ್ಳಲಿ?

ಉತ್ತರ: ಪ್ರತಿ ಮಳೆಗಾಲದಲ್ಲೂ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಊರು ಮಾತ್ರ ಬೇರೆ. ಒಮ್ಮೆ ಕಾಪು, ಒಮ್ಮೆ ಸುರತ್ಕಲ್, ಒಮ್ಮೆ ಕುಂದಾಪುರ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಹಂಚಿನ ಮಾಡಾದರೆ ಪರವಾಗಿಲ್ಲ, ಮಳೆ ಗುನುಗುತ್ತದೆ. ತಗಡಿನ ಶೀಟ್ ಅಂದರೆ ತಲೆ ಮೇಲೇ ಚೆಂಡೆ.

ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ಬಾಯಿಯ ಹತ್ತಿರದವರೆಗೆ ಬರುವ ಕಡ್ಡಿ ಮೈಕ್ ಇರುವ, ಯುಎಸ್‌ಬಿ ತಂತಿಯ, ಬಟ್ಟೆ ಅಥವಾ ಸ್ಪಂಜಿನ ಕುಶನ್ ಹಾಕಿದ ಹಗುರ ಹೆಡ್‌ಸೆಟ್ ತಗೊಳ್ಳಿ. ನೀವು ಈಗಾಗಲೇ ಕೊಟ್ಟ ದುಡ್ಡಿನ ಕಾಲು ಭಾಗ ಸಾಕು. ಇಷ್ಟೇ ಬೇಕಿದ್ದವರು ಇಲ್ಲಿಗೆ ನಿಲ್ಲಿಸಬಹುದು. ಯಾಕೆ ಹೀಗೆ ಅಂತ ತಿಳಿಯಬೇಕಾದವರಿಗೆ ಉಳಿದದ್ದು.

ನಿಮಗೆ ಅಂಗಡಿಯವರು ಸುಳ್ಳು ಹೇಳಿಲ್ಲ. ಡಬ್ಬದ ಮೇಲೆ ಬರೆದದ್ದೂ ನಿಜವೇ. ಅಲ್ಲಿ ಹೇಳಿದ್ದು ನಿಮ್ಮ ಕಿವಿಯ ವಿಷಯ, ನೀವು ಓದಿಕೊಂಡದ್ದು ಬಾಯಿಯ ವಿಷಯ ಅಂತ, ಅಷ್ಟೇ. ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನಿನ ಬಟ್ಟಲುಗಳಲ್ಲಿ ಪುಟ್ಟ ಮೈಕ್‌ಗಳಿರುತ್ತವೆ. ಅವು ಹೊರಗಿನ ಸದ್ದನ್ನು ಹಿಡಿಯುತ್ತವೆ. ಒಳಗಿನ ಚಿಪ್ ಆ ಅಲೆಗೆ ತಲೆಕೆಳಗಾದ ಇನ್ನೊಂದು ಅಲೆಯನ್ನು ಮಾಡಿ ಕಿವಿಗೆ ಬಿಡುತ್ತದೆ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಿದ್ದು ಸದ್ದು ಅಡಗುತ್ತದೆ. ಈ ಉಪಾಯ ಹಳೆಯದು. ಜರ್ಮನಿಯ ಪೌಲ್ ಲ್ಯೂಗ್ ಅವರಿಗೆ ಇದಕ್ಕೆ 1936ರಲ್ಲೇ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ಬೋಸ್ ಆಡಿಯೊ ಕಂಪನಿ ಕಟ್ಟಿದ, ಬಂಗಾಳ ಮೂಲದ ತಂದೆಯ ಮಗ ಅಮರ್ ಬೋಸ್ 1978ರಲ್ಲಿ ವಿಮಾನದಲ್ಲಿ ಹಾಡು ಕೇಳಲು ಹೊರಟರಂತೆ. ಇಂಜಿನ್ ಮೊರೆತದಲ್ಲಿ ಏನೂ ಕೇಳಿಸಲಿಲ್ಲ. ಅಲ್ಲೇ ಕೂತು ಲೆಕ್ಕ ಹಾಕಲು ಶುರು ಮಾಡಿದರು. ಅವರ ಕಂಪನಿಯ ಪೈಲಟ್ ಹೆಡ್‌ಸೆಟ್ 1989ರಲ್ಲಿ ಮಾರುಕಟ್ಟೆಗೆ ಬಂತು.

ಹಾಗಾಗಿ ಅದರ ಕೈ ಚೆನ್ನಾಗಿ ಓಡುವುದು ಇಂಜಿನ್, ಫ್ಯಾನ್, ಎಸಿ ತರಹದ ಒಂದೇ ಸಮನೆಯ ತಗ್ಗು ಮೊರೆತದ ಮೇಲೆ. ಶೀಟಿನ ಮೇಲಿನ ಚಟಪಟದಲ್ಲಿ ಎತ್ತರದ ಸದ್ದು ಜಾಸ್ತಿ. ಅದನ್ನು ಚಿಪ್‌ಗಿಂತ ಹೆಚ್ಚಾಗಿ ತಡೆಯುವುದು ಕಿವಿ ಮುಚ್ಚುವ ದಪ್ಪ ಕುಶನ್. ಏನೇ ಆದರೂ ಇಷ್ಟೆಲ್ಲ ನಡೆಯುವುದು ನಿಮ್ಮ ಕಿವಿಯೊಳಗೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತ ಮ್ಯಾನೇಜರಿಗೆ ಅದರಿಂದ ಮೂರು ಕಾಸಿನ ಉಪಯೋಗ ಇಲ್ಲ. ಡಬ್ಬದ ಮೇಲೆ ‘ಎಎನ್‌ಸಿ’ ಅಂತ ಇದ್ದರೆ ಅದು ಕಿವಿಗೆ. ‘ಇಎನ್‌ಸಿ’ ಅಂತ ಇದ್ದರೆ ಮೈಕಿಗೆ. ಈ ಎರಡನೆಯದನ್ನೂ ನಾನು ಕಣ್ಣು ಮುಚ್ಚಿ ನಂಬುವುದಿಲ್ಲ. 500 ರೂಪಾಯಿಯ ಇಯರ್‌ಬಡ್ ಮೇಲೂ ಅದು ಇರುತ್ತದೆ.

ಮೈಕಿಗೆ ನಿಜವಾಗಿ ಬೇಕಾದದ್ದು ಏನು? ಒಮ್ಮೆ ಬಯಲಾಟ ನೆನಪಿಸಿಕೊಳ್ಳಿ. ಭಾಗವತರ ಪಕ್ಕದಲ್ಲೇ ಚೆಂಡೆ ಹೊಡೆಯುತ್ತಿರುತ್ತದೆ. ಅದರ ಅಬ್ಬರ ಗೊತ್ತಲ್ಲ, ಮೈಕ್ ಇಲ್ಲದೆಯೇ ಗದ್ದೆ ಆಚೆಗೂ ಮುಟ್ಟುತ್ತದೆ. ಆದರೂ ಕೊನೆಯ ಸಾಲಿನಲ್ಲಿ ಚಾಪೆ ಹಾಸಿ ಕೂತವರಿಗೆ ಪದ್ಯದ ಒಂದೊಂದು ಅಕ್ಷರವೂ ಕೇಳುತ್ತದೆ. ಯಾಕೆಂದರೆ ಮೈಕ್ ಭಾಗವತರ ತುಟಿಯ ಹತ್ತಿರ ಇರುತ್ತದೆ. ಅದನ್ನೇ ಎರಡು ಮೊಳ ಹಿಂದಕ್ಕೆ ಸರಿಸಿ ನೋಡಿ, ಪದ್ಯ ಹೋಗಿ ಬರೀ ಚೆಂಡೆ ಉಳಿಯುತ್ತದೆ.

ಇದಕ್ಕೆ ಒಂದು ಸುಲಭದ ಲೆಕ್ಕ ಉಂಟು. ಬಾಯಿಗೂ ಮೈಕಿಗೂ ಇರುವ ದೂರ ಎರಡು ಪಟ್ಟಾದಾಗಲೆಲ್ಲ ನಿಮ್ಮ ದನಿ 6 ಡೆಸಿಬೆಲ್ ಇಳಿಯುತ್ತದೆ. ಕಡ್ಡಿ ಮೈಕ್ ಬಾಯಿಯಿಂದ 3 ಸೆಂಟಿಮೀಟರ್ ದೂರ ಇದೆ ಅಂತ ಇಟ್ಟುಕೊಳ್ಳಿ. ಲ್ಯಾಪ್‌ಟಾಪಿನ ಮೈಕ್ 48 ಸೆಂಟಿಮೀಟರ್ ದೂರ. 3, 6, 12, 24, 48: ನಾಲ್ಕು ಸಲ ದುಪ್ಪಟ್ಟು, ಅಂದರೆ 24 ಡೆಸಿಬೆಲ್ ನಷ್ಟ. ಶಕ್ತಿಯ ಲೆಕ್ಕದಲ್ಲಿ ಇದು ಸುಮಾರು 250 ಪಟ್ಟು. ಮಳೆಗೆ ಈ ನಷ್ಟ ಇಲ್ಲ. ಅದು ಇಡೀ ಮಾಡಿನಿಂದ ಬರುವ ಸದ್ದು, ಬಾಯಿಯ ಹತ್ತಿರವೂ ಅಷ್ಟೇ, ಲ್ಯಾಪ್‌ಟಾಪಿನ ಹತ್ತಿರವೂ ಅಷ್ಟೇ. ನಿಮ್ಮ 12 ಸಾವಿರದ ಹೆಡ್‌ಫೋನಿನ ಮೈಕ್ ಇರುವುದು ಕಿವಿಯ ಬಟ್ಟಲಿನಲ್ಲಿ. ಬಾಯಿಯಿಂದ ಹತ್ತು ಹನ್ನೆರಡು ಸೆಂಟಿಮೀಟರ್ ಹಿಂದೆ, ಅದೂ ಕೆನ್ನೆಯ ಪಕ್ಕಕ್ಕೆ. ಕೋಣೆಯ ಗೋಡೆಗಳಿಂದಾಗಿ ಈ ಅಂಕಿಗಳು ಸ್ವಲ್ಪ ಆಚೀಚೆ ಆಗುತ್ತವೆ. ಆದರೂ ಬೆಲೆ, ಬ್ರ್ಯಾಂಡು, ಚಿಪ್ಪು ಯಾವುದೂ ಈ ದೂರದ ಲೆಕ್ಕವನ್ನು ಪೂರ್ತಿ ದಾಟಲಾರದು.

ಝೂಮ್, ಟೀಮ್ಸ್, ಗೂಗಲ್ ಮೀಟ್ ಎಲ್ಲದರಲ್ಲೂ ಗದ್ದಲ ತೆಗೆಯುವ ಸಾಫ್ಟ್‌ವೇರ್ ಇದೆಯಲ್ಲ, ಅದು ಸಾಲದಾ ಅಂತ ಕೇಳಬಹುದು. ಸಾಕು, ನಿಮ್ಮ ದನಿ ಮಳೆಗಿಂತ ಮೇಲೆ ಇದ್ದರೆ. ಎರಡೂ ಸಮಸಮ ಬಂದರೆ ಅದು ಮಳೆಯ ಜೊತೆ ಮಾತನ್ನೂ ಕತ್ತರಿಸುತ್ತದೆ. ಆಗ ಕೇಳುವವರಿಗೆ ನೀವು ಬಾವಿಯೊಳಗಿಂದ ಮಾತಾಡಿದ ಹಾಗೆ, ನಡುನಡುವೆ ಅಕ್ಷರ ನುಂಗಿದ ಹಾಗೆ. ಮೊದಲು ಮೈಕ್ ಹತ್ತಿರ ತನ್ನಿ, ಆಮೇಲೆ ಸಾಫ್ಟ್‌ವೇರ್ ತನ್ನ ಕೆಲಸ ತಾನು ಮಾಡುತ್ತದೆ.

ಹತ್ತಿರ ಅಂದರೆ ತುಟಿಗೆ ಅಂಟಿಸುವುದೂ ಅಲ್ಲ. ಬಾಯಿಯ ಮುಂದೆ ಇಟ್ಟರೆ ‘ಪ’, ‘ಫ’, ‘ಭ’ ಬಂದಾಗಲೆಲ್ಲ ಗಾಳಿ ಬಡಿದು ‘ದಬ್’ ಅನ್ನುತ್ತದೆ. ಮೂಗಿನ ಕೆಳಗೆ ಇಟ್ಟರೆ ಉಸಿರೂ ಮೀಟಿಂಗಿಗೆ ಹಾಜರು. ಬಾಯಿಯ ಮೂಲೆಯಿಂದ ಎರಡು ಬೆರಳು ಪಕ್ಕಕ್ಕೆ, ಗಲ್ಲದ ಕಡೆಗೆ ಸ್ವಲ್ಪ ಕೆಳಗೆ ಇಡಿ. ಕಡ್ಡಿ ಎಷ್ಟು ಬಗ್ಗಿಸಿದರೂ ಬಗ್ಗಿಸಿದಲ್ಲೇ ನಿಲ್ಲಬೇಕು. ಕೆಲವು ಅಗ್ಗದವು ಐದೇ ನಿಮಿಷದಲ್ಲಿ ಜೋತು ಬೀಳುತ್ತವೆ. ಅಂಗಡಿಯಲ್ಲೇ ಇದನ್ನು ನೋಡಿಕೊಳ್ಳಿ.

ಇನ್ನು ಬ್ಲೂಟೂತ್. ಹಾಡು ಕೇಳುವಾಗ ಸದ್ದು ಒಂದೇ ದಿಕ್ಕಿಗೆ ಹರಿಯುತ್ತದೆ, ದಾರಿ ಅಗಲ ಇರುತ್ತದೆ. ಮೈಕ್ ಆನ್ ಆದ ಕೂಡಲೇ ಮಾಮೂಲಿ ಬ್ಲೂಟೂತ್ ಇನ್ನೊಂದು ಕ್ರಮಕ್ಕೆ ಜಿಗಿಯುತ್ತದೆ, ಅದರ ಹೆಸರು ‘ಹ್ಯಾಂಡ್ಸ್‌ಫ್ರೀ’. ಹೋಗುವುದೂ ಬರುವುದೂ ಒಂದೇ ಓಣಿಯಲ್ಲಿ. ಹಳೆಯ ಬಗೆಯಲ್ಲಿ ದನಿಯನ್ನು ಅಳೆಯುವುದು ಸೆಕೆಂಡಿಗೆ 8,000 ಸಲ ಮಾತ್ರ (ಈ ಒಂದೊಂದು ಅಳತೆಗೆ ಸ್ಯಾಂಪಲ್ ಅಂತಾರೆ), ಅಂದರೆ ಹಳೆಯ ಟೆಲಿಫೋನಿನಷ್ಟೇ ದನಿ. ಆ ಫೋನ್ ಸಾಗಿಸುತ್ತಿದ್ದದ್ದು ಸುಮಾರು 300ರಿಂದ 3,400 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನದ ಸದ್ದು ಮಾತ್ರ. ಫೋನಿನಲ್ಲಿ ಇಮೇಲ್ ವಿಳಾಸ ಹೇಳುವಾಗ ಆಚೆಯವರು “ಎಸ್ಸಾ, ಎಫ್ಫಾ?” ಅಂತ ಕೇಳುತ್ತಾರಲ್ವಾ? ನಾವು “ಎಸ್ ಫಾರ್ ಸುರತ್ಕಲ್” ಅಂತ ಕೂಗುತ್ತೇವೆ. ಈ ಎರಡು ಅಕ್ಷರಗಳ ವ್ಯತ್ಯಾಸ ಹೆಚ್ಚಾಗಿ ಇರುವುದೇ ಆ 3,400ರ ಮೇಲೆ. ಫೋನ್ ಅದನ್ನು ಒಯ್ಯದಿದ್ದರೆ ಕಿವಿ ಊಹೆ ಮಾಡಬೇಕು. 2011ರಲ್ಲಿ ಬಂದ ಸುಧಾರಣೆಯಲ್ಲಿ ಬ್ಲೂಟೂತ್‌ನ ಆ 8,000 ಸ್ಯಾಂಪಲ್ 16,000 ಆಯಿತು. ಮಾತಿಗೆ ಅದು ಪರವಾಗಿಲ್ಲ. ಎಲ್‌ಇ ಆಡಿಯೊ ಅನ್ನುವ ಹೊಸ ಬಗೆ ಇನ್ನೂ ಚೆನ್ನಾಗಿದೆ, ಆದರೆ ಅದು ಲ್ಯಾಪ್‌ಟಾಪ್ ಮತ್ತು ಹೆಡ್‌ಸೆಟ್ ಎರಡರಲ್ಲೂ ಇರಬೇಕು. ತಂತಿಗೆ ಈ ತಾಪತ್ರಯವೇ ಇಲ್ಲ. ಚಾರ್ಜ್ ಮಾಡುವ ಗೋಜೂ ಇಲ್ಲ. ಗಾಳಿಗೆ ಕರೆಂಟ್ ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ನಡೆಯುತ್ತದೆ.

ತಂತಿಯಲ್ಲಿ ಯುಎಸ್‌ಬಿ ಯಾಕೆ ಅಂದರೆ ಅದರೊಳಗೇ ಪುಟ್ಟ ಸೌಂಡ್ ಕಾರ್ಡ್ ಇರುತ್ತದೆ. ಲ್ಯಾಪ್‌ಟಾಪಿನ ಒಳಗಿನ ಗುಂಯ್‌ಗುಟ್ಟುವಿಕೆ ಅದಕ್ಕೆ ತಾಗುವುದು ಕಡಿಮೆ. 3.5 ಮಿಲಿಮೀಟರಿನ ಪಿನ್ ಬೇಕೇ ಬೇಕು ಅನ್ನುವವರು ಪಿನ್ನಿನ ಮೇಲಿನ ಕಪ್ಪು ಗೀಟು ಎಣಿಸಿ. ಮೂರಿದ್ದರೆ ಮೈಕೂ ಸೇರಿದೆ. ಹಳೆಯ ಡೆಸ್ಕ್‌ಟಾಪಿನಲ್ಲಿ ಗುಲಾಬಿ ಮತ್ತು ಹಸಿರು ಎರಡು ತೂತುಗಳಿದ್ದರೆ ಒಂದು ಪಿನ್ನನ್ನು ಎರಡಾಗಿ ಒಡೆಯುವ ಸ್ಪ್ಲಿಟರ್ ಬೇಕಾಗುತ್ತದೆ. ಅಷ್ಟೇ.

ಈಗ ಕಿವಿ ನೋವಿನ ಕಥೆ. ಇದು ಮೈಕಿಗಿಂತ ಕಷ್ಟದ ವಿಷಯ, ಯಾಕೆಂದರೆ ತಲೆ ಒಬ್ಬೊಬ್ಬರದು ಒಂದೊಂದು ತರಹ. ಕಿವಿಯನ್ನು ಪೂರ್ತಿ ಒಳಗೆ ಹಾಕಿಕೊಳ್ಳುವ ದೊಡ್ಡ ಬಟ್ಟಲು ಒತ್ತುವುದಿಲ್ಲ, ಆದರೆ ನಮ್ಮ ಸೆಕೆಗೆ ಒಳಗೆ ಕುಕ್ಕರ್ ಇಟ್ಟ ಹಾಗೆ. ಕಿವಿಯ ಮೇಲೆ ಕೂರುವ ಚಿಕ್ಕ ಕುಶನ್‌ಗೆ ಗಾಳಿಯಾಡುತ್ತದೆ, ಆದರೆ ಬಿಗಿ ಜಾಸ್ತಿಯಾದರೆ ಗಂಟೆಯಲ್ಲಿ ಕಿವಿಯ ಮೃದು ಎಲುಬು ನೋಯುತ್ತದೆ. ಕನ್ನಡಕ ಇದ್ದರೆ ಅದರ ಕಡ್ಡಿ ಸೇರಿ ಇನ್ನೂ ಒತ್ತುತ್ತದೆ. ನನ್ನ ಮಾತು ಕೇಳುವುದಾದರೆ, ಮಾತಿನ ಕೆಲಸಕ್ಕೆ ಹಗುರವಾದ, ಕಿವಿಯ ಮೇಲೆ ಕೂರುವ, ಸ್ಪಂಜಿನ ಕುಶನ್ನಿನದೇ ಸರಿ. ಗೇಮ್ ಆಡುವವರಿಗೆಂದು ಬರುವ ಬಣ್ಣಬಣ್ಣದ ದೀಪದ ಹೆಡ್‌ಸೆಟ್‌ಗಳ ಮೈಕ್ ಕೆಟ್ಟದೇನಲ್ಲ. ಆದರೆ 300 ಗ್ರಾಮಿನಷ್ಟು ತೂಕ ದಿನವಿಡೀ ಹೊತ್ತರೆ ಸಂಜೆಗೆ ಕುತ್ತಿಗೆ ಕೇಳುತ್ತದೆ. ಒಂದೇ ಕಿವಿಯದ್ದೂ ಸಿಗುತ್ತದೆ. ಇನ್ನೊಂದು ಕಿವಿ ಖಾಲಿ ಇರುವುದರಿಂದ ಕುಕ್ಕರ್ ಸೀಟಿ, ಕೊರಿಯರ್ ಹುಡುಗ, ಎರಡೂ ಗೊತ್ತಾಗುತ್ತವೆ. ಮಳೆಯ ನಡುವೆ ಎದುರಿನವರ ಮಾತು ಕೇಳಲು ಮಾತ್ರ ಎರಡು ಕಿವಿಯೂ ಬೇಕು.

ಲೆದರ್ ತರಹ ಕಾಣುವ ಕುಶನ್ ಬೇಡವೇ ಬೇಡ ಅಂತ ನಾನು ಹೇಳುವುದಕ್ಕೆ ಸ್ವಂತ ಅನುಭವ ಕಾರಣ. ಅದು ಚರ್ಮ ಅಲ್ಲ, ಹೆಚ್ಚಾಗಿ ಪಾಲಿಯುರೆಥೇನ್ ಪದರ. ಸೆಕೆ ಮತ್ತು ತೇವ ಸೇರಿದರೆ ನೀರಿನ ಅಂಶವೇ ಅದರ ಕಟ್ಟನ್ನು ಬಿಡಿಸುತ್ತದೆ. ಬಳಸದೆ ಕಪಾಟಿನಲ್ಲಿ ಇಟ್ಟರೂ ಬಿಡುವುದಿಲ್ಲ. ನನ್ನದು ಎರಡನೇ ಮಳೆಗಾಲಕ್ಕೆ ಸಿಪ್ಪೆ ಬಿಡಲು ಶುರುವಾಯಿತು. ಒಂದು ದಿನ ಮೀಟಿಂಗ್ ಮುಗಿಸಿ ಸೀದಾ ಮದುವೆ ಊಟಕ್ಕೆ ಹೋದೆ. ಪಂಕ್ತಿಯಲ್ಲಿ ಪಕ್ಕ ಕೂತವರು “ಕಿವಿ ಹತ್ತಿರ ಎಂಥದು ಮಾರಾಯ್ರೆ, ಮಸಿಯಾ?” ಅಂದರು. ಅಂದಿನಿಂದ ಬಟ್ಟೆಯ ಕುಶನ್. ಕೊಳ್ಳುವಾಗ ಬಿಡಿ ಕುಶನ್ ಸಿಗುತ್ತದಾ ಅಂತಲೂ ಕೇಳಿ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ರಾತ್ರಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿಡಿ. ಚಪ್ಪಲಿ ಡಬ್ಬದಲ್ಲಿ ಬಂದವೇ ಸಾಕಾಗುತ್ತವೆ.

ಯಾರೂ ಕೇಳದ, ಆದರೆ ಮನೆಯವರು ದಿನಾ ದೂರುವ ಇನ್ನೊಂದು ವಿಷಯ: ಹೆಡ್‌ಫೋನ್ ಹಾಕಿದರೆ ನಾವು ಯಾಕೆ ಕಿರುಚುತ್ತೇವೆ? ಕಿವಿ ಮುಚ್ಚಿದರೆ ನಮ್ಮ ದನಿ ನಮಗೇ ಸರಿಯಾಗಿ ಕೇಳುವುದಿಲ್ಲ, ಅದಕ್ಕೆ. ಹಳೆಯ ಲ್ಯಾಂಡ್‌ಲೈನ್ ಫೋನಿನಲ್ಲಿ ನಮ್ಮ ಮಾತಿನ ಒಂದು ಪಾಲು ನಮ್ಮ ಕಿವಿಗೇ ವಾಪಸ್ ಬರುತ್ತಿತ್ತು. ಅದಕ್ಕೆ ‘ಸೈಡ್‌ಟೋನ್’ ಅಂತಾರೆ. ಕಾಲ್ ಸೆಂಟರ್ ಬಗೆಯ ಹಲವು ಯುಎಸ್‌ಬಿ ಹೆಡ್‌ಸೆಟ್‌ಗಳಲ್ಲಿ ಇದು ಈಗಲೂ ಇದೆ. ಸಿಕ್ಕರೆ ಬಿಡಬೇಡಿ, ಗಂಟಲು ಉಳಿಯುತ್ತದೆ. ಮಳೆ ಜೋರಾದಾಗ ವಾಲ್ಯೂಮ್ ಏರಿಸುವ ಚಾಳಿಗೂ ಒಂದು ಗಡಿ ಇರಲಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಲೆಕ್ಕ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ನಿಮ್ಮ ಕೆಲಸದ ವಾರವೂ ಅಷ್ಟೇ ಇದೆ, ನೋಡಿ.

ಮಂಗಳೂರಿನ ಹಂಪನಕಟ್ಟೆಯಲ್ಲೋ ಮಣಿಪಾಲದಲ್ಲೋ ಅಂಗಡಿಗೆ ಹೋಗುವುದಾದರೆ ಲ್ಯಾಪ್‌ಟಾಪ್ ಜೊತೆಗೇ ಒಯ್ಯಿರಿ. ಅಂಗಡಿಯವರು ಹಾಡು ಹಾಕಿ ತೋರಿಸುತ್ತಾರೆ. ಹಾಡು ಎಲ್ಲದರಲ್ಲೂ ಚೆನ್ನಾಗಿಯೇ ಕೇಳುತ್ತದೆ, ಅದನ್ನು ನಂಬಿ ಬರಬೇಡಿ. ಫ್ಯಾನ್ ಜೋರಾಗಿ ಹಾಕಿಸಿ, ನಿಮ್ಮ ದನಿಯನ್ನು ರೆಕಾರ್ಡ್ ಮಾಡಿ ಕೇಳಿ. ನಾನು ಹೇಳುವ ಸಾಲು: “ಪಡುಬಿದ್ರಿಯಲ್ಲಿ ಬಸ್ ಹಿಡಿದು, ಶನಿವಾರ ಸಂಜೆ ಫಲಹಾರಕ್ಕೆ ಸುರತ್ಕಲ್‌ಗೆ ಬಂದೆ.” ‘ಪ’, ‘ಬ’ ಸಿಡಿಯಬಾರದು. ‘ಸ’, ‘ಶ’, ‘ಫ’ ಬೇರೆ ಬೇರೆಯಾಗಿ ಕೇಳಬೇಕು. ಆಮೇಲೆ ಹದಿನೈದು ನಿಮಿಷ ತಲೆ ಮೇಲೇ ಇಟ್ಟುಕೊಂಡು ಅಂಗಡಿಯಲ್ಲಿ ಅದೂ ಇದೂ ನೋಡುತ್ತಾ ತಿರುಗಿ. ಸ್ವಲ್ಪ ನಾಚಿಕೆ ಆಗುತ್ತದೆ, ಆಗಲಿ. ಆನ್‌ಲೈನಿನಲ್ಲಿ ತರಿಸುವುದಾದರೆ ವಾಪಸ್ ಮಾಡುವ ನಿಯಮ ಓದಿಕೊಳ್ಳಿ. ಕಿವಿಗೆ ಹಾಕುವ ವಸ್ತು ಅಂತ ಕೆಲವರು ವಾಪಸ್ ತಗೊಳ್ಳುವುದಿಲ್ಲ.

ಹೊಸದು ಬರುವವರೆಗೆ ಒಂದು ಉಪಾಯ: ಹಳೆಯ ಫೋನಿನ ಜೊತೆ ಬಂದ ತಂತಿಯ ಇಯರ್‌ಫೋನ್ ಎಲ್ಲಾದರೂ ಡ್ರಾಯರಿನಲ್ಲಿ ಇರುತ್ತದೆ. ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಅದರ ಮೈಕನ್ನು ಅಂಗಿಗೆ ಉಜ್ಜದ ಹಾಗೆ ಬಾಯಿಯ ಹತ್ತಿರ ಹಿಡಿದು ಮಾತಾಡಿ. ನಿಮ್ಮ ದುಬಾರಿ ಹೆಡ್‌ಫೋನಿಗಿಂತ ಆಚೆಯವರಿಗೆ ಅದೇ ಚೆನ್ನಾಗಿ ಕೇಳಿಸುವ ಸಾಧ್ಯತೆ ಜಾಸ್ತಿ.

ಆ ದುಬಾರಿಯದ್ದನ್ನು ಬೇಸರದಲ್ಲಿ ಮಾರಬೇಡಿ. ಮುಂದಿನ ಸಲ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವಾಗ ಚೀಲದಲ್ಲಿ ಹಾಕಿಕೊಳ್ಳಿ. ಶಿರಾಡಿ ಘಾಟಿಯ ಏರಿನಲ್ಲಿ ಇಂಜಿನ್ ಮೊರೆಯಲು ಶುರು ಮಾಡಿದಾಗ ಕಿವಿಗೇರಿಸಿ, ಗುಂಡಿ ಒತ್ತಿ. ಅದು ಹುಟ್ಟಿದ್ದೇ ಆ ಸದ್ದಿಗೆ.