ಇಟ್ಟಿಗೆ ಬಿಲ್ಲೆಯ ಹಿಂದೆ ಇಳಿಯುವ ನೀರು

ಕಿಟಕಿಯ ಕೆಳಮೂಲೆಯಲ್ಲಿ ನಾಲ್ಕು ಇಟ್ಟಿಗೆ ಬಿಲ್ಲೆಗಳನ್ನು ಉಳಿಯಿಂದ ಬಿಡಿಸಿ, ಹಿಂದಿನ ಪ್ಲೈವುಡ್ಡಿಗೆ ಬೆರಳು ಒತ್ತಿದೆ. ನೆನೆದ ರಟ್ಟಿನ ಹಾಗೆ ಬೆರಳು ಒಳಗೆ ಹೋಯಿತು. ಹೊರಗಿನಿಂದ ನೋಡಿದರೆ ಆ ಗೋಡೆ ಚೆನ್ನಾಗಿಯೇ ಇತ್ತು. ಒಂದು ಬಿಲ್ಲೆಯೂ ಅಲುಗಾಡುತ್ತಿರಲಿಲ್ಲ, ಎಲ್ಲೂ ಬಿರುಕಿರಲಿಲ್ಲ. ಮನೆಯವರು ಕೇಳಿದ್ದು ಒಂದೇ ಮಾತು: "ಇಟ್ಟಿಗೆ ಗೋಡೆ ಅಲ್ವಾ ಸಾರ್, ನೀರು ಒಳಗೆ ಹೇಗೆ ಬಂತು?"

ಅದು ಇಟ್ಟಿಗೆ ಗೋಡೆಯಲ್ಲ. ಮರದ ಫ್ರೇಮ್ ಗೋಡೆ. ಅದರ ಮೈಗೆ 12ರಿಂದ 25 ಮಿ.ಮೀ. ದಪ್ಪದ ಬಿಲ್ಲೆ ಅಂಟಿಸಿರುತ್ತಾರೆ, ಅಷ್ಟೇ. ಇಟ್ಟಿಗೆ ನೀರು ಕುಡಿಯುತ್ತದೆ, ಗಾರೆಯೂ ಕುಡಿಯುತ್ತದೆ. ಎರಡೂ ಸೇರುವ ಕಡೆ ಕಣ್ಣಿಗೆ ಕಾಣದ ಕೂದಲೆಳೆ ಸಂದುಗಳಿರುತ್ತವೆ. ಗಾಳಿಮಳೆ ಬಂದರೆ ಸ್ವಲ್ಪ ನೀರು ಹಿಂದಕ್ಕೆ ಹೋಗಿಯೇ ಹೋಗುತ್ತದೆ. ಫ್ರೇಮಿನ ಮುಂದೆ ಪೂರ್ತಿ ಇಟ್ಟಿಗೆ ಕಟ್ಟುವಾಗ ನಡುವೆ ಒಂದಿಂಚು ಖಾಲಿ ಜಾಗ ಬಿಡುತ್ತಾರೆ, ನೀರು ಅಲ್ಲಿ ಇಳಿದು ಹೋಗುತ್ತದೆ. ಬಿಲ್ಲೆ ಅಂಟಿಸುವಾಗ ಆ ಜಾಗ ತಾನಾಗಿ ಬರುವುದಿಲ್ಲ. ನೀರಿಗೆ ದಾರಿ ನಾವೇ ಮಾಡಿಕೊಡಬೇಕು.

ಆ ದಾರಿ ಎಂದರೆ ನೀರು ತಡೆಯುವ ಹಾಳೆ. ಪ್ಲೈವುಡ್ಡಿನ ಮೇಲೆ ಎರಡು ಪದರ ಬೇಕು. ಒಂದು ಸಾಕಲ್ವಾ ಎಂದು ಕೇಳುವವರೇ ಜಾಸ್ತಿ. ಹೊರಗಿನ ಹಾಳೆಗೆ ಹಸಿ ಗಾರೆ ಅಂಟಿಕೊಳ್ಳುತ್ತದೆ, ಅಂಟಿದ ಕಡೆ ನೀರು ಜಾರುವುದಿಲ್ಲ. ಒಳಗಿನ ಹಾಳೆ ಗಾರೆಗೆ ಸಿಗದೆ ಬಿಡಿಯಾಗಿ ಉಳಿಯುತ್ತದೆ, ನಿಜವಾದ ಕೆಲಸ ಅದರದ್ದು. ಮಳೆ ಜಾಸ್ತಿ ಬೀಳುವ ಕಡೆ ನಾನು ಇವೆರಡರ ನಡುವೆ ನೀರು ಇಳಿಯುವ ಪ್ಲಾಸ್ಟಿಕ್ ಜಾಲದ ಮ್ಯಾಟ್ ಹಾಕಿಸುತ್ತೇನೆ. ಐದಾರು ಮಿ.ಮೀ. ಸಂದು ಸಿಕ್ಕರೂ ನೀರು ಸರಾಗ ಇಳಿಯುತ್ತದೆ, ಗೋಡೆ ಬೇಗ ಒಣಗುತ್ತದೆ.

ಹಾಳೆಯನ್ನು ಹೆಂಚು ಹೊದಿಸಿದ ಹಾಗೆ ಹಾಕಬೇಕು. ಕೆಳಗಿನಿಂದ ಶುರು ಮಾಡಿ, ಮೇಲಿನದು ಕೆಳಗಿನದರ ಮೇಲೆ ಬರಬೇಕು. ಅಡ್ಡ ಜೋಡಣೆಯಲ್ಲಿ ಕನಿಷ್ಠ 50 ಮಿ.ಮೀ., ನಿಲುವು ಜೋಡಣೆಯಲ್ಲಿ 150 ಮಿ.ಮೀ. ಒಂದರ ಮೇಲೊಂದು ಕೂರಬೇಕು. ಕಿಟಕಿಯಲ್ಲೂ ಅದೇ ಲೆಕ್ಕ: ಮೊದಲು ಕೆಳಗಿನ ಫ್ಲಾಶಿಂಗ್ (ನೀರನ್ನು ಹೊರಕ್ಕೆ ತಿರುಗಿಸುವ ಪಟ್ಟಿ), ಆಮೇಲೆ ಎರಡು ಪಕ್ಕ, ಕೊನೆಗೆ ತಲೆ. ತಲೆಯ ಫ್ಲಾಶಿಂಗಿನ ಮೇಲಂಚು ಹಾಳೆಯ ಹಿಂದೆ ಸೇರಬೇಕು.

ಆ ಮನೆಯಲ್ಲಿ ಕೆಟ್ಟಿದ್ದು ಇಲ್ಲೇ. ಹಾಳೆ ಮೊದಲು ಹೊದಿಸಿ, ಫ್ಲಾಶಿಂಗನ್ನು ಅದರ ಮೇಲೆ ತಂದು ಹೊಡೆದಿದ್ದರು. ಹಾಳೆಯ ಮೇಲೆ ಇಳಿದ ನೀರು ಫ್ಲಾಶಿಂಗಿನ ಹಿಂದೆ ನುಗ್ಗಿ, ಕಿಟಕಿಯ ಪಕ್ಕದಲ್ಲೇ ಹರಿದು ಮೂಲೆಯಲ್ಲಿ ನಿಂತಿತ್ತು. ಜೊತೆಗೆ ಗೋಡೆಯ ಬುಡದಲ್ಲಿ ನೀರು ಹೊರಬರಲು ಇಟ್ಟಿದ್ದ ತೂತಿನ ಲೋಹದ ಪಟ್ಟಿಯನ್ನು ಗಾರೆಯಿಂದ ನೀಟಾಗಿ ಮುಚ್ಚಿದ್ದರು. ಅಂದ ಕಾಣಲಿ ಎಂದು ಮಾಡಿದ ಕೆಲಸವದು. ಬೇಸರವಾಗುವುದು ಅದಕ್ಕೇ. ಈ ಪಟ್ಟಿ ಮಣ್ಣಿನಿಂದ ಕನಿಷ್ಠ 100 ಮಿ.ಮೀ. ಮೇಲಿರಬೇಕು. ಕೆಳಗೆ ಕಲ್ಲೋ ಕಾಂಕ್ರೀಟೋ ಹಾಸಿದ್ದರೆ 50 ಸಾಕು.

ಹಾಳೆಗಳ ಮೇಲೆ, ಗಾರೆ ಹಿಡಿದು ನಿಲ್ಲಲು ಲೋಹದ ಜಾಲರಿ ಹೊಡೆಯುವಾಗ ಮೊಳೆ ಫ್ರೇಮಿನ ಮರಕ್ಕೇ ಇಳಿಯಬೇಕು. ಬರೀ ಪ್ಲೈವುಡ್ಡಿಗೆ ಹೊಡೆದರೆ ಇಷ್ಟೂ ಭಾರ ತೆಳ್ಳನೆಯ ಹಲಗೆಯ ಮೇಲೆ ಬೀಳುತ್ತದೆ. ಜಾಲರಿ, ಮೊಳೆ ಎರಡಕ್ಕೂ ಸತುವಿನ ಲೇಪ ಇರಲಿ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ. ಅದರ ಮೇಲೆ ಅರ್ಧ ಇಂಚು ಗಾರೆ ಬಳಿದು, ಹಸಿ ಇರುವಾಗಲೇ ಅಡ್ಡಡ್ಡ ಗೀರು ಹಾಕಿ ಕ್ಯೂರಿಂಗಿಗೆ, ಅಂದರೆ ತೇವದಲ್ಲೇ ಗಟ್ಟಿಯಾಗಲು, ಬಿಡಿ.

ಬಿಲ್ಲೆ ಕೂರಿಸುವ ಮೊದಲು ಒಂದು ಕೋಲಿನ ಮೇಲೆ ವರಸೆಗಳ, ಅಂದರೆ ಬಿಲ್ಲೆಗಳ ಅಡ್ಡ ಸಾಲುಗಳ, ಗುರುತು ಹಾಕಿಕೊಳ್ಳಿ. ಕಿಟಕಿ ತಲೆ, ಸೂರು ಎಲ್ಲಿ ಬರುತ್ತವೆ ನೋಡಿ ಸಂದನ್ನು ಒಂದೆರಡು ಮಿ.ಮೀ. ಹೆಚ್ಚುಕಮ್ಮಿ ಮಾಡಿದರೆ, ಸೂರಿನ ಕೆಳಗೆ ಸಣ್ಣ ಚೂರು ತುರುಕುವ ಕಷ್ಟ ಬರುವುದಿಲ್ಲ. ನಾಲ್ಕೈದು ಪೆಟ್ಟಿಗೆಯ ಬಿಲ್ಲೆಗಳನ್ನು ಬೆರೆಸಿ ಬಳಸಿ, ಬಣ್ಣ ತೇಪೆ ಹಾಕಿದಂತೆ ಕಾಣುವುದಿಲ್ಲ. ಮೂಲೆಯ ಎಲ್ ಆಕಾರದ ಬಿಲ್ಲೆ ಮೊದಲು, ನಡುವಿನದು ಆಮೇಲೆ.

ಬಿಲ್ಲೆಯ ಬೆನ್ನಿನ ಧೂಳು ಒರೆಸಿ, ಪಾಲಿಮರ್ ಬೆರೆತ ಗಾರೆಯನ್ನು ಬೆನ್ನಿಗೆಲ್ಲ ಸವರಿ, ಒತ್ತಿ ಸ್ವಲ್ಪ ಆಚೀಚೆ ಆಡಿಸಿದರೆ ಅಂಚುಗಳಿಂದ ಗಾರೆ ಹೊರಗೆ ಉಕ್ಕಬೇಕು. ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟು ಅಂಟಿಸುವ ಅಭ್ಯಾಸ ಬಿಡಿ. ನಾನು ಪ್ರತಿ ದಿನ ಬೆಳಿಗ್ಗೆ ಹೊಸದಾಗಿ ಕೂರಿಸಿದ ಒಂದು ಬಿಲ್ಲೆಯನ್ನು ಕಿತ್ತು ಬೆನ್ನು ನೋಡುತ್ತೇನೆ. ಗಾರೆ ಪೂರ್ತಿ ಹಿಡಿದಿದ್ದರೆ ಸರಿ. ನಡುವೆ ಕೆಂಪು ಬೆನ್ನು ಹಾಗೇ ಕಂಡರೆ ಅಲ್ಲಿ ಪೊಳ್ಳಿದೆ. ಪೊಳ್ಳಿನಲ್ಲಿ ನೀರು ನಿಂತು ಚಳಿಗೆ ಹೆಪ್ಪುಗಟ್ಟಿದರೆ ಬಿಲ್ಲೆ ಎದ್ದು ಬರುತ್ತದೆ.

ಪಾಯಿಂಟಿಂಗ್, ಅಂದರೆ ಬಿಲ್ಲೆಗಳ ನಡುವಿನ ಸಂದಿಗೆ ಗಾರೆ ತುಂಬಿ ತೀಡುವ ಕೆಲಸ, ಮಾಡುವಾಗ ಅವಸರ ಬೇಡ. ಹೆಬ್ಬೆರಳು ಒತ್ತಿದರೆ ಗುರುತು ಮೂಡಬೇಕು, ಗಾರೆ ಅಂಟಬಾರದು. ಆಗ ಒಳಬಾಗಿದ ಹಾಗೆ ಸಂದನ್ನು ತೀಡಿ. ಗಾರೆ ಬಿಗಿಯಾಗುತ್ತದೆ, ಮಳೆನೀರು ನಿಲ್ಲುವುದಿಲ್ಲ.

ಇನ್ನೊಂದು ವಿಷಯ. ಗೂಡಿನಿಂದ ಹೊರಬಂದ ಇಟ್ಟಿಗೆ ಗಾಳಿಯ ತೇವ ಹೀರಿ ವರ್ಷಗಟ್ಟಲೆ ತುಸು ತುಸು ಹಿಗ್ಗುತ್ತದೆ. ಗಾರೆಯೂ ಮರವೂ ಒಣಗುತ್ತಾ ಕುಗ್ಗುತ್ತವೆ. ಹಾಗಾಗಿ ಉದ್ದ ಗೋಡೆಯ ನಡುವೆ, ಮಹಡಿ ಸೇರುವ ಗೆರೆಯಲ್ಲಿ, ಕಿಟಕಿ ಬಾಗಿಲಿನ ಸುತ್ತ ಗಾರೆ ತುಂಬದೆ, ರಬ್ಬರಿನ ಹಾಗೆ ಹಿಗ್ಗಿ ಕುಗ್ಗುವ ಸೀಲಂಟ್ ಹಾಕಿದ ಸಂದು ಇರಲಿ. ಫಳಫಳ ಹೊಳೆಯುವ ವಾರ್ನಿಷ್ ಮಾತ್ರ ಬಳಿಯಬೇಡಿ, ಒಳಗಿನ ತೇವ ಆವಿಯಾಗಿ ಹೋಗಲು ದಾರಿ ಇರುವುದಿಲ್ಲ.

ಆ ಮನೆಯಲ್ಲಿ ಕೊಳೆತ ಪ್ಲೈವುಡ್ ತೆಗೆದು, ಫ್ಲಾಶಿಂಗ್ ಸರಿಮಾಡಿ, ಒಳಗಿನ ಹಾಳೆ ಹೊದಿಸಿದ ಮೇಲೆ ಕಿಟಕಿಯ ತಲೆಯ ಮೇಲೆ ಒಂದು ಚೊಂಬು ನೀರು ಸುರಿದೆ. ನೀರು ಫ್ಲಾಶಿಂಗಿನ ಅಂಚು ದಾಟಿ, ಹಾಳೆಯ ಮೇಲೆ ಜಾರಿ, ಬುಡದ ಪಟ್ಟಿಯಿಂದ ಹನಿ ಹನಿಯಾಗಿ ನೆಲಕ್ಕೆ ಬಿತ್ತು. ಕಿಟಕಿಯ ಮೂಲೆ ಮುಟ್ಟಿ ನೋಡಿದೆ, ಒಣಗಿಯೇ ಇತ್ತು. ಆಮೇಲೆ ಎರಡನೇ ಹಾಳೆ ಹೊದಿಸಿದೆವು.