ಎರಡು ನಾಳ, ಎರಡು ಪ್ರಶ್ನೆ: ಭ್ರೂಣದಲ್ಲಿ ಜನನಾಂಗಗಳ ಬೆಳವಣಿಗೆ

ಫಲೀಕರಣದ ನಂತರ ಸುಮಾರು ಆರನೇ ವಾರದವರೆಗೆ ಗಂಡು, ಹೆಣ್ಣು ಭ್ರೂಣಗಳ ಜನನಾಂಗ ನೋಡಲು ಒಂದೇ. ವೈ ಕ್ರೋಮೋಸೋಮಿನಲ್ಲಿರುವ ಎಸ್‌ಆರ್‌ವೈ ಜೀನ್ ಚುರುಕಾದರೆ ಲಿಂಗಗ್ರಂಥಿ ವೃಷಣವಾಗುತ್ತದೆ. ಅದಿಲ್ಲದಿದ್ದರೆ ಬೇರೆ ಜೀನ್‌ಗಳು ಅಂಡಾಶಯವನ್ನು ರೂಪಿಸುತ್ತವೆ. ಇಷ್ಟು ಸುಲಭ. ತೊಡಕಿರುವುದು ನಾಳಗಳಲ್ಲಿ.

ಪ್ರತಿ ಭ್ರೂಣದಲ್ಲೂ ಎರಡು ಜೋಡಿ ನಾಳಗಳಿರುತ್ತವೆ. ವುಲ್ಫಿಯನ್ ನಾಳದಿಂದ ಎಪಿಡಿಡಿಮಿಸ್ (ವೃಷಣಕ್ಕೆ ಅಂಟಿಕೊಂಡ ಸುರುಳಿ ನಾಳ), ವೀರ್ಯನಾಳ, ವೀರ್ಯಕೋಶ. ಮ್ಯುಲೇರಿಯನ್ ನಾಳದಿಂದ ಅಂಡನಾಳ, ಗರ್ಭಕೋಶ, ಯೋನಿಯ ಮೇಲ್ಭಾಗ. ಒಂದು ಉಳಿಯಿತೆಂಬ ಕಾರಣಕ್ಕೆ ಇನ್ನೊಂದು ಅಳಿಯುವುದಿಲ್ಲ. ಎರಡರ ಹಣೆಬರಹವನ್ನೂ ಬೇರೆ ಬೇರೆ ಹಾರ್ಮೋನ್ ಬರೆಯುತ್ತದೆ. ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಆದ್ದರಿಂದ ಯಾವ ಪ್ರಕರಣ ಎದುರಾದರೂ ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಟೆಸ್ಟೊಸ್ಟಿರೋನ್ ಕೆಲಸ ಮಾಡಿತೇ? ಮಾಡಿದ್ದರೆ ವುಲ್ಫಿಯನ್ ಉಳಿಯಿತು. ಎಎಂಎಚ್ (ಆ್ಯಂಟಿ-ಮ್ಯುಲೇರಿಯನ್ ಹಾರ್ಮೋನ್) ಕೆಲಸ ಮಾಡಿತೇ? ಮಾಡಿದ್ದರೆ ಮ್ಯುಲೇರಿಯನ್ ಅಳಿಯಿತು. ಮೊದಲನೆಯದು ವೃಷಣದ ಲೇಡಿಗ್ ಕೋಶಗಳದು, ಎರಡನೆಯದು ಸರ್ಟೋಲಿ ಕೋಶಗಳದು.

ಇದನ್ನು ತೋರಿಸಿಕೊಟ್ಟವರು ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್, 1940ರ ದಶಕದಲ್ಲಿ. ಗರ್ಭದೊಳಗಿದ್ದ ಗಂಡು ಮೊಲದ ಭ್ರೂಣದಿಂದ ವೃಷಣ ತೆಗೆದರೆ ಅಂಡನಾಳ, ಗರ್ಭಕೋಶ ಬೆಳೆದವು. ವೃಷಣದ ಬದಲು ಟೆಸ್ಟೊಸ್ಟಿರೋನ್ ಕೊಟ್ಟಾಗ ವುಲ್ಫಿಯನ್ ನಾಳವೇನೋ ಉಳಿಯಿತು, ಆದರೆ ಮ್ಯುಲೇರಿಯನ್ ಅಳಿಯಲಿಲ್ಲ. ಅಂದರೆ ಅಳಿಸುವ ವಸ್ತು ಬೇರೆಯೇ ಇರಬೇಕು! ಎಷ್ಟು ಅಚ್ಚುಕಟ್ಟಾದ ತರ್ಕ.

ಈಗ ಪ್ರಶ್ನೆಗಳನ್ನು ಒರೆಗೆ ಹಚ್ಚಿ. ಎಕ್ಸ್‌ವೈ ಭ್ರೂಣ, ಟೆಸ್ಟೊಸ್ಟಿರೋನ್ ಧಾರಾಳ, ಆದರೆ ಅದನ್ನು ಗ್ರಹಿಸುವ ಗ್ರಾಹಕವೇ ಸಂಪೂರ್ಣ ನಿಷ್ಕ್ರಿಯ. ವುಲ್ಫಿಯನ್ ಉಳಿಯದು. ಎಎಂಎಚ್‌ಗೆ ಅಡ್ಡಿಯಿಲ್ಲ, ಹಾಗಾಗಿ ಮ್ಯುಲೇರಿಯನ್ ಕೂಡ ಇಲ್ಲ. ಹೊರನೋಟಕ್ಕೆ ಹೆಣ್ಣು, ಒಳಗೆ ವೃಷಣ, ಗರ್ಭಕೋಶವಿಲ್ಲ. ಎಎಂಎಚ್ ಮಾತ್ರ ಕೈಕೊಟ್ಟರೆ ಗಂಡುಮಗುವಿನಲ್ಲಿ ವೀರ್ಯನಾಳದ ಜೊತೆ ಗರ್ಭಕೋಶವೂ ಉಳಿಯುತ್ತದೆ. ಎಷ್ಟೋ ಸಲ ಇದು ಗೊತ್ತಾಗುವುದು ಹರ್ನಿಯಾ ಶಸ್ತ್ರಚಿಕಿತ್ಸೆಯ ವೇಳೆ.

ಹೊರಗಿನ ಅಂಗಗಳ ಕಥೆ ತದ್ವಿರುದ್ಧ: ಅಲ್ಲಿ ಒಂದೇ ಅಂಗಾಂಶ ಎರಡು ರೂಪ ತಾಳುತ್ತದೆ. ಜನನಾಂಗದ ಗುಬುಟು ಶಿಶ್ನ ಅಥವಾ ಭಗಾಂಕುರವಾಗುತ್ತದೆ, ಅಕ್ಕಪಕ್ಕದ ಉಬ್ಬುಗಳು ವೃಷಣಚೀಲ ಅಥವಾ ದೊಡ್ಡ ಭಗೋಷ್ಠಗಳಾಗುತ್ತವೆ. ಗಂಡು ರೂಪಕ್ಕೆ ಟೆಸ್ಟೊಸ್ಟಿರೋನ್ ಮೊದಲು ಡಿಎಚ್‌ಟಿ (ಡೈಹೈಡ್ರೋಟೆಸ್ಟೊಸ್ಟಿರೋನ್, ಅದರದೇ ಹೆಚ್ಚು ಪ್ರಬಲ ರೂಪ) ಆಗಿ ಬದಲಾಗಬೇಕು. ಈ ಬದಲಾವಣೆ ಮಾಡುವ ಕಿಣ್ವದ ಕೊರತೆಯಿದ್ದರೆ ಒಳಗೆ ವೀರ್ಯನಾಳ ಸರಿಯಾಗಿದ್ದು, ಗರ್ಭಕೋಶವಿಲ್ಲದೆ, ಹೊರಗಿನ ಅಂಗ ಮಾತ್ರ ಹುಟ್ಟುವಾಗ ಹೆಣ್ಣಿನದರಂತೆಯೋ ಅಸ್ಪಷ್ಟವಾಗಿಯೋ ಕಾಣಬಹುದು.